ಹೊಲಿದ ಎಲೆಯ ಬಗ್ಗೆ ಯಾರೂ ಬರೆದಿಡಲಿಲ್ಲ

ಗದಗ, ಏಳನೇ ನೆರಳುಕೇರಿ
ಕ್ರಿ.ಶ. ೨೨೧೬, ನೆರಳುಬಟ್ಟೆ ಬಿಚ್ಚುವ ತಿಂಗಳ ಮೂವತ್ತಾರನೇ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿ ಇಂದುಮತಿಯವರಿಗೆ,

ಸಂಗವ್ವನ ಶರಣು. ತಿಂಗಳಿಗೆ ಮೂವತ್ತಾರು ದಿನವೇ ಎಂದು ಗಾಬರಿಯಾಗಬೇಡಿ, ಈಗ ಹಾಗೇ ಎಣಿಸುತ್ತೇವೆ. ನಾನು ಶಾಲೆಗೆ ಹೋದದ್ದು ನಾಲ್ಕು ವರ್ಷ, ಅದೂ ಬಿಟ್ಟು ಬಿಟ್ಟು. ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಈ ಕಾಗದ ಹಿಂದಿನ ಕಾಲಕ್ಕೆ ಹೋಗುತ್ತದೆ ಎಂದು ಗ್ರಂಥಾಲಯದವರು ಹೇಳುತ್ತಾರೆ. ನಿಮಗೆ ಮುಟ್ಟುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ ಹತ್ತಿದೆ.

ವರ್ಷದ ಏಳು ತಿಂಗಳು ನಮ್ಮ ಓಣಿಯ ಮೇಲೆ ನೆರಳುಬಟ್ಟೆ ಕಟ್ಟಿರುತ್ತಾರೆ, ಮನೆಗೂ ಗಿಡಕ್ಕೂ ಸೇರಿ ಒಂದೇ ಚಾದರ. ಅದನ್ನು ಬಿಚ್ಚಿದ ಮೇಲೆ ಹಕ್ಕಿ ಬಂದರೆ ಬಂತು. ಗಿಡಕ್ಕೆ ರೋಗ ಬಂದರೆ ಇಡೀ ಕೇರಿಯ ಊಟಕ್ಕೇ ಕುತ್ತು, ಆದ್ದರಿಂದ ವಾರಕ್ಕೊಮ್ಮೆ ಎಲೆಪಹರೆಯವರು ಬಂದು ಒಂದೊಂದು ಎಲೆಯನ್ನೂ ತಿರುವಿ ನೋಡುತ್ತಾರೆ. ಮಡಚಿದ ಎಲೆ, ಅಂಟಿದ ಎಲೆ ಕಂಡರೆ ಕತ್ತರಿಸಿ ಚೀಲಕ್ಕೆ ಹಾಕಬೇಕು; ನಡೆಯಲು ಕಲಿಯುವ ಮೊದಲೇ ನಾವು ಇದನ್ನು ಕಲಿಯುತ್ತೇವೆ.

ಈ ಸಲ ನನ್ನ ಬದನೆ ಗಿಡಕ್ಕೆ ಒಂದು ಹಕ್ಕಿ ಬಂತು. ಹೆಬ್ಬೆರಳಿನಷ್ಟು ಮೈ, ನೆತ್ತಿ ತುಕ್ಕಿನ ಬಣ್ಣ, ಬಾಲ ನೆಟ್ಟಗೆ ಮೇಲೆ, ದನಿ ಮಾತ್ರ ಓಣಿ ತುಂಬ: ಟುವ್ವಿ, ಟುವ್ವಿ. ನಾನು ರೊಟ್ಟಿ ತಟ್ಟುವುದು ಬಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದೆ. ನೀರಿಟ್ಟೆ, ಮುಳುಗೀತು ಎಂದು ಹೆದರಿ ಬಟ್ಟಲಲ್ಲಿ ಕಲ್ಲಿಟ್ಟೆ, ಕಲ್ಲು ಕಾದು ಕಾಲು ಸುಟ್ಟೀತು ಎಂದು ಹೆದರಿ ಅದನ್ನೂ ತೆಗೆದೆ. ಹೀಗಿರುವಾಗ ಒಂದು ಎಲೆ ಅಂಚಿಗೆ ಅಂಚು ಕೂಡಿ ದೊನ್ನೆಯಂತಾಗಿದ್ದು ಕಂಡಿತು. ಪಕ್ಕದ ಮನೆಯ ರುದ್ರಕ್ಕನನ್ನು ಕರೆದೆ.

“ಹುಳದ ಕೆಲಸ ಐತಿ ಸಂಗವ್ವಾ. ಏನ ನೋಡಕೋತ ನಿಂತಿ? ಕತ್ತರಿಸಿ ಒಗಿ,” ಅಂದಳು.

ಕತ್ತರಿಸಿದೆ. ಕೈಗೆ ಭಾರ ಅನ್ನಿಸಿ ಬಿಡಿಸಿದರೆ ಒಳಗೆ ಹತ್ತಿ, ಹತ್ತಿಯ ಮೇಲೆ ಮೂರು ಮೊಟ್ಟೆ. ಒಂದು ಒಡೆದಿತ್ತು. “ನನಗೇನ ಗೊತ್ತಿತ್ತಬೇ,” ಎಂದು ರುದ್ರಕ್ಕ ಸೆರಗು ಬಾಯಿಗಿಟ್ಟಳು. ಎರಡು ದಿನ ಆ ಹಕ್ಕಿ ಗಿಡದ ಸುತ್ತ ಕೂಗಿತು.

ಅಜ್ಜೀ, ನಿಮ್ಮ ಕೈತೋಟಕ್ಕೆ ಬಂದ ಹಕ್ಕಿಗಳ ಫೋಟೊಗಳನ್ನು ನಾವು ದೇವರ ಜಗುಲಿಯ ಮೇಲೆ ಇಟ್ಟಿದ್ದೇವೆ. ಇದೇ ಹಕ್ಕಿಯದು ನಲವತ್ತು ಇವೆ. ಕೆಳಗೆ ಬರೆದದ್ದೇನು? ‘ನಮ್ಮ ಪುಟ್ಟ ಅತಿಥಿ, ಸೋ ಕ್ಯೂಟ್.’ ನಲವತ್ತರಲ್ಲೂ ಅದೇ. ಎಲೆ ಹೊಲಿದು ಗೂಡು ಮಾಡುತ್ತದೆ ಎಂದು ಒಂದು ಸಾಲು ಬರೆಯಲು ನಿಮ್ಮ ಕೈಗೇನಾಗಿತ್ತು? ನೀವು ಕಂಡಿರಲೇಬೇಕು. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇಕೆ ಅಂದುಕೊಂಡಿರಿ. ಆ ಎಲ್ಲರೂ ತೀರಿಹೋದರು ಅಜ್ಜೀ.

ನಿನ್ನೆ ಅದು ತಿರುಗಿ ಬಂದಿದೆ. ಇನ್ನೊಂದು ಎಲೆಗೆ ಹೊಲಿಗೆ ಹಾಕುತ್ತಿದೆ. ನಾಳೆ ಪಹರೆ. ಕುಪ್ಪಸ ಹೊಲಿಯುವ ಹಸಿರು ದಾರ ತೆಗೆದುಕೊಂಡು ಅದೇ ಗಿಡದ ಹನ್ನೊಂದು ಎಲೆಗಳನ್ನು ನಾನೂ ದೊನ್ನೆಯಂತೆ ಹೊಲಿದಿದ್ದೇನೆ. ದಾರ ಕಂಡರೆ ರೋಗವಲ್ಲ ಎಂದು ಅವರಿಗೆ ತಿಳಿದೀತು. ಹನ್ನೆರಡೂ ನನ್ನ ಕೆಲಸವೇ ಅನ್ನುತ್ತೇನೆ. ತಲೆ ಕೆಟ್ಟಿದೆ ಎಂದು ಬರೆದುಕೊಂಡು ಹೋಗಲಿ. ಮರಿ ಹಾರುವ ತನಕ ವಾರ ವಾರವೂ ಈ ಸುಳ್ಳು ನಡೆಸಬೇಕು. ಎಷ್ಟು ವಾರ? ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಫೋಟೊ ತೆಗೆದದ್ದು ಸಾಕು. ಅದನ್ನು ಬರೆದಿಡಿ.

ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ಗಿಡದ ಪಕ್ಕದಲ್ಲೇ ಕೂತಿರುವ
ಸಂಗವ್ವ