ವ್ಯಾಕರಣದಲ್ಲಿ ಸುತ್ತಿದ ಮೀನು

ವರ್ಲಿನ್,

ನಿನ್ನ ಇಂಗ್ಲಿಷ್ ವ್ಯಾಕರಣದ ಹಾಳೆಗಳನ್ನು ಹುಡುಕಬೇಡ, ಫ್ರಿಜ್‌ನಲ್ಲಿವೆ. ನಿನ್ನೆ ನೀನೇ ಅವುಗಳಲ್ಲಿ ಮೀನು ಸುತ್ತಿ ತಂದಿದ್ದೀಯ. “ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡಿಯೋ ಗುಡಿಸಲಲ್ಲಿ ಕೂತ್ರೆ ಚೆನ್ನಾಗಿ ಓದ್ಬಹುದು ಕಣೇ” ಅಂದಿದ್ದು ಇದಕ್ಕಾ?

ಪರೀಕ್ಷೆ ಇವತ್ತು ಸಂಜೆ. ಮತ್ತೆ ಫೇಲಾದರೆ ಗಿರಣಿಯ ಮೇಸ್ತ್ರಿ ಕೆಲಸ ಕೈತಪ್ಪುತ್ತದೆ. ಸಂಯೋಜಿತ ವಾಕ್ಯವೆಂದರೆ ಎರಡು ಪೂರ್ತಿ ವಾಕ್ಯಗಳ ನಡುವೆ ‘ಆದರೆ’ಯಂಥ ಒಂದು ಕೊಂಡಿ, ಅಷ್ಟೇ. ಇಡೀ ಮರದ ಗುಡಿಸಲನ್ನು ಕೊಂಡಿ ಹಾಕಿ ಟ್ರಕ್ಕಿಗೆ ಸಿಕ್ಕಿಸಿ ಕೆರೆಗೆ ಎಳೆಯುವವನಿಗೆ ಇದು ಯಾವ ಮಹಾ ಕಷ್ಟ?

ಮೀನು ನೀನೇ ತೊಳೆ.

ಒಂದು ಹಾಳೆಯನ್ನು ಒಣಗಿಸಿ ಓದಿದೆ. “ನನಗೇನೂ ತಲೆಗೆ ಹತ್ತುತ್ತಿಲ್ಲ, ಆದರೆ ಮೇವಿಸ್‌ಗೆ ಹೇಳಲು ನಾಚಿಕೆ” ಎಂದು ಅಂಚಿನಲ್ಲಿ ಇಂಗ್ಲಿಷಿನಲ್ಲೇ ಬರೆದಿದ್ದೀಯ.

ಸಂಯೋಜಿತ ವಾಕ್ಯ ಸರಿಯಾಗಿದೆ, ಪೆದ್ದ.

ಗುಡಿಸಲಿನ ಬೀಗದ ಕೈ ನಾನು ಒಯ್ದಿದ್ದೇನೆ, ಆದರೆ ಮಧ್ಯಾಹ್ನವೇ ಕೆಲಸದಿಂದ ಬಂದು ನಿನ್ನ ಜೊತೆ ಓದಲು ಕೂರುತ್ತೇನೆ.

ಮೇವಿಸ್