ರಿಜಿಸ್ಟರಿಗೂ ಸೋಂಕು ತಗಲಿತೇ?

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ಕೊರೊನಾ ಮನುಷ್ಯರಿಗೆ ಮಾತ್ರವಲ್ಲ, ಕಾಗದಕ್ಕೂ ಬರುತ್ತದೆಂದು ನಿಮ್ಮ ಕಚೇರಿಯ ಉತ್ತರ ಓದಿ ತಿಳಿಯಿತು. ಆಸ್ಪತ್ರೆಯೊಂದರ ಗೇಟಿನಲ್ಲಿ 2020ರ ಜೂನ್‌ನಲ್ಲಿ ಬರೆದ ರಿಜಿಸ್ಟರನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದ್ದೆ. ‘ಸೋಂಕಿತ ವಸ್ತುವೆಂದು ಸುಡಲಾಗಿದೆ’ ಎಂದಿರಿ. ಮೇ ತಿಂಗಳದ್ದು ಉಂಟಂತೆ, ಜುಲೈದೂ ಉಂಟಂತೆ. ಸೋಂಕು ಜೂನಿನದಕ್ಕೆ ಮಾತ್ರ ತಗಲಿತೇ?

ಆ ಜೂನಿನ ಒಂದು ಬೆಳಿಗ್ಗೆ ಬೋಳಾರದ ನನ್ನ ನೆರೆಯವರು, ಒಣಮೀನಿನ ವ್ಯಾಪಾರಿ ಅಹ್ಮದ್ ಬಾವ, ಎದೆ ಹಿಡಿದುಕೊಂಡು ಕೂತರು. ನಾವು ಬಾವಾಕ ಎನ್ನುತ್ತಿದ್ದೆವು. ನನ್ನ ರಿಕ್ಷಾದಲ್ಲಿ ಹತ್ತು ಗಂಟೆಗೆ ಗೇಟು ಮುಟ್ಟಿದೆವು. ಗಾರ್ಡ್ ಹಣೆಗೆ ಯಂತ್ರ ಹಿಡಿದು ಹೆಸರು, ಹೊತ್ತು ಬರೆದುಕೊಂಡ. ಜ್ವರ ಇರಲಿಲ್ಲ. ಆಗ ನಾನೊಂದು ತಪ್ಪು ಮಾಡಿದೆ. ನಮ್ಮೂರಿನ ಆಸ್ಪತ್ರೆಗಳ ಬಾಗಿಲಲ್ಲಿ ಗಲ್ಫಿನ ಹೆಸರೆತ್ತಿದರೆ ಗಾಲಿಕುರ್ಚಿ ಬೇಗ ಬರುತ್ತದೆಂಬ ನಂಬಿಕೆ ಎಲ್ಲರಿಗೂ ಉಂಟು. ನಾನೂ ಎತ್ತಿದೆ.

“ಬೇಗ ಮಾಡಿ ಮಾರಾಯ್ರೆ, ಇವರ ಮಗ ದುಬೈಯಲ್ಲಿರುವುದು.”

“ದುಬೈಯಾ? ಹಾಗಾದ್ರೆ ಜ್ವರದ ಸಾಲಿಗೆ ಹೋಗಿ.”

“ಅವನು ಊರಿಗೆ ಬಾರದೆ ಎರಡು ವರ್ಷ ಆಯ್ತು!”

“ಎಲ್ಲರೂ ಹಾಗೇ ಹೇಳುದು.”

ಬಾವಾಕ ನೋವಿನಲ್ಲೂ ನಕ್ಕರು: “ಯೂಸ್ಟೇಸ್, ನಿನ್ನ ಬಾಯಿಗೆ ಮಾಸ್ಕ್ ಸಾಲದು ಮಾರಾಯ, ಬೀಗ ಬೇಕು.”

ಗಂಟಲ ದ್ರವ ತೆಗೆದರು. ವರದಿ ಬರುವ ತನಕ ಇಸಿಜಿ ಇಲ್ಲ ಎಂದರು. ತಗಡಿನ ಚಪ್ಪರದಡಿ ಮೂರು ಗಂಟೆ ಕೂತೆವು. ಸೋಂಕಿಲ್ಲವೆಂದು ತಿಳಿದ ಮೇಲೆ ಒಂದೂವರೆಗೆ ಒಳಗೆ ಕರೆದರು. ಎರಡಕ್ಕೆ ಬಾವಾಕ ಇರಲಿಲ್ಲ.

ಆಸ್ಪತ್ರೆಯ ಫೈಲು ಹೇಳುವುದೇ ಬೇರೆ: ‘ರೋಗಿಯನ್ನು 1.30ಕ್ಕೆ, ಬಹಳ ತಡವಾಗಿ ಕರೆತರಲಾಯಿತು.’ ಕೊರೊನಾ ಕಾಲದ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷದ ದಾರಿ! ನಾನೇನು ನಡುವೆ ಗಾಳ ಹಾಕಿ ಕೂತಿದ್ದೆನೇ? ಆ ಫೈಲು ಓದಿಸಿಕೊಂಡ ಬಾವಾಕರ ಹೆಂಡತಿ ಆರಿಫಾ ಕೇಳಿದರು: “ಯೂಸ್ಟೇಸಣ್ಣ, ಅಷ್ಟು ಹೊತ್ತು ನೀವು ಎಲ್ಲಿ ಇದ್ದದ್ದು?” ಈ ಸಲ ಹಬ್ಬಕ್ಕೆ ಅವರ ಮನೆಯಿಂದ ಬಿರಿಯಾನಿಯ ಪಾತ್ರೆ ಬರಲಿಲ್ಲ.

ಹಳ್ಳಿಯಲ್ಲಿ ಅಜ್ಜಿಯ ಕಥೆ ಕೇಳಿ ಬೆಳೆದವನು ನಾನು. ಕಳ್ಳ ನರಿಗೆ ಮೈ ಅಡಗಿಸಲು ಬರುತ್ತದೆ, ಬಾಲ ಹೊರಗೇ ಉಳಿಯುತ್ತದೆ. ಅದೇ ಫೈಲಿನ ಕೊನೆಯ ಹಾಳೆ ಪರೀಕ್ಷೆಯ ವರದಿ. ದ್ರವ ತೆಗೆದ ಹೊತ್ತು: 10.25. ಒಂದೂವರೆಗೆ ಬಂದವರ ಗಂಟಲು ಹತ್ತೂಇಪ್ಪತ್ತೈದಕ್ಕೇ ಆಸ್ಪತ್ರೆಗೆ ಬಂದಿತ್ತೇ, ಸ್ವಾಮಿ?

ನನಗೆ ಪರಿಹಾರ ಬೇಡ. ಆ ‘ತಡವಾಗಿ’ ಎಂಬುದನ್ನು ಹೊಡೆದುಹಾಕಿಸಿ, ತಿದ್ದಿದ ಹಾಳೆಯನ್ನು ಆರಿಫಾರ ಕೈಗೇ ಕೊಡಿಸಿ. ದುಬೈಯ ಸುದ್ದಿ ಎತ್ತಿದ್ದು ನಾನೆಂದು ಅವರಿಗೆ ಇವತ್ತಿನವರೆಗೆ ಹೇಳಿಲ್ಲ. ಅದನ್ನೂ ಆ ಹಾಳೆಯಲ್ಲೇ ಬರೆಸಿ. ತಪ್ಪು ನನ್ನ ಬಾಯಿಯದ್ದು, ನನ್ನ ರಿಕ್ಷಾದ್ದಲ್ಲ.

ಇಂತಿ,
ಹತ್ತು ಗಂಟೆಗೇ ಗೇಟು ಮುಟ್ಟಿದ,
ಬಾಯಿಗೆ ಬೀಗವಿಲ್ಲದ ಯೂಸ್ಟೇಸ್
ರಿಕ್ಷಾ ಚಾಲಕ, ಬೋಳಾರ, ಮಂಗಳೂರು