ಹಳದಿ ಕೊಡೆಯವಳಿಗೆ ಹತ್ತನೆಯ ಸ್ಥಾನ

ಬಜಾಜ್ ನಗರ, ನಾಗಪುರ
9 ಡಿಸೆಂಬರ್ 2024, ಸೋಮವಾರ

ಚಿ. ಸಿಂಚನಾಳಿಗೆ,

ಮನಸಾರೆ ಆಶೀರ್ವಾದ. ಚಿ. ಎಂದು ಬರೆದು, ರೂಢಿಯಂತೆ ಪಕ್ಕದಲ್ಲಿ ಸೌ. ಹಾಕಲು ಹೋಗಿ ಪೆನ್ನು ನಿಲ್ಲಿಸಿದೆ. ನಿನಗೂ ನನ್ನ ಮಗ ಕಲ್ಲೇಶನಿಗೂ ಕೋರ್ಟಿನಲ್ಲಿ ಬಿಡುಗಡೆಯಾಗಿ ಎರಡು ವರ್ಷವಾಯಿತು. ಈಗ ಅದನ್ನು ಹಾಕಿದರೆ ತಪ್ಪೋ, ಬಿಟ್ಟರೆ ತಪ್ಪೋ ನನಗೆ ಗೊತ್ತಿಲ್ಲ. ಬಿಟ್ಟಿದ್ದೇನೆ. ಆಶೀರ್ವಾದದಲ್ಲಿ ಮಾತ್ರ ಏನೂ ಕಡಿಮೆ ಮಾಡಿಲ್ಲ.

ಶ್ರಾವಣದಲ್ಲಿ ನೀನು ಮೈಸೂರಿನಿಂದ ಫೋನಿಗೆ ನಿನ್ನ ದನಿ ಕಳಿಸಿ ಒಂದೇ ಮಾತು ಕೇಳಿದ್ದೆ. “ನಿಮ್ಮನ್ನ ಇನ್ನೂ ಅತ್ತೆ ಅಂತ ಕರೀಬಹುದಾ?” ನಾಲ್ಕು ತಿಂಗಳಾಯಿತು, ನಾನು ಉತ್ತರ ಕೊಟ್ಟಿಲ್ಲ. ಮರೆತೆ ಎಂದು ತಿಳಿಯಬೇಡ, ದಿನಕ್ಕೊಮ್ಮೆಯಾದರೂ ಅದನ್ನು ಹಚ್ಚಿ ಕೇಳುತ್ತೇನೆ. ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ಆದರೆ ಸಿಟ್ಟಿಗಿಂತ ಮೊಂಡುತನ ಹೆಚ್ಚು. ಇವಳು ಇವತ್ತಲ್ಲ ನಾಳೆ ತಿರುಗಿ ಬರುತ್ತಾಳೆ, ಎದುರಿಗೆ ಕೂರಿಸಿಕೊಂಡೇ ಹೇಳಿದರಾಯಿತು ಎಂದು ಕಾಯುತ್ತಾ ಕೂತಿದ್ದೆ. ಯಾರ ಮಾತು ನಂಬಿ ಹಾಗೆ ಕೂತಿದ್ದೆ ಎನ್ನುವುದು ನಿನ್ನೆ ಮಧ್ಯಾಹ್ನ ಗೊತ್ತಾಯಿತು. ಅದೂ ಒಂಬತ್ತು ಜನರ ನಡುವೆ!

ನಿನಗೆ ಹೇಳಿಲ್ಲ, ನಾನೀಗ ಸಿನೆಮಾ ಮಂಡಳಿಯ ಮೆಂಬರು. ನಗಬೇಡ. ಇಲ್ಲಿಯ ಕನ್ನಡದವರು ಒಂಬತ್ತು ಜನ ತಿಂಗಳ ಎರಡನೇ ರವಿವಾರ ರಂಗನಾಥ ಮಾಸ್ತರ ಮನೆಯಲ್ಲಿ ಸೇರುತ್ತೇವೆ. ಅವರು ಮೈಸೂರು ಕಡೆಯವರು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನನ್ನನ್ನು ಅಲ್ಲಿಗೆ ಸೇರಿಸಿದ್ದು ಧರಮಪೇಠದ ಕಣ್ಣಿನ ಡಾಕ್ಟರ್ ಮೃಣಾಲಿನಿಬಾಯಿ. ಆಕೆ ಮರಾಠಿಯವಳಾದರೂ ಗಂಡ ಬೆಳಗಾವಿಯವನು. ಆಕೆಯ ಹತ್ತಿರ ನನ್ನನ್ನು ಮೊದಲು ಕರೆದೊಯ್ದವಳು ನೀನೇ ಅಲ್ಲವೇ?

ನೆನಪಿದೆಯೇನು? ರವಿವಾರ ಕಲ್ಲೇಶ ಖಾಪರಖೇಡಾದ ಪವರ್ ಸ್ಟೇಷನ್ನಿಗೆ ಡ್ಯೂಟಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಬಾಗಿಲು ಹಾಕಿ, ಆ ಹಾಳು ಚಿಲಕವನ್ನು ಎರಡೂ ಕೈಯಿಂದ ಎಳೆದು ಬಿಗಿದು, ನೀನು ಅಮೆರಿಕದ ಸಿನೆಮಾ ಹಚ್ಚುತ್ತಿದ್ದೆ. ಆ ಚಿಲಕ ಚೀರಿದರೆ ಮೂರು ಮನೆಗೆ ಕೇಳುತ್ತಿತ್ತು, ನೀನು ಮಾತ್ರ ನನ್ನ ಕಿವಿಯಲ್ಲಿ ಪಿಸುಗುಡುತ್ತಾ ಕಥೆ ಹೇಳುತ್ತಿದ್ದೆ, ಸಿನೆಮಾದವರಿಗೆ ಕೇಳಿಸಿದರೆ ಬೇಜಾರಾದೀತು ಎನ್ನುವ ಹಾಗೆ. ನಾನು ಬುಟ್ಟಿ ಎದುರಿಗಿಟ್ಟುಕೊಂಡು ತೊಗರಿಕಾಯಿ ಸುಲಿಯುತ್ತಿದ್ದೆ. “ಅತ್ತೆ, ಕಾಯಿ ನೋಡಬೇಡಿ, ಟಿವಿ ನೋಡಿ” ಎಂದು ಗದರಿದೆ ಒಂದು ದಿನ. ನಾನು, “ನೋಡಿದ್ರೂ ಅಷ್ಟ, ಬಿಟ್ರೂ ಅಷ್ಟ. ಎಲ್ಲಾ ಮಸಕು ಮಸಕು” ಎಂದೆ. ನೀನು ಅಲ್ಲೇ ಸಿನೆಮಾ ನಿಲ್ಲಿಸಿದೆ. ಮರುದಿನ ರಜೆ ಹಾಕಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ, ಎರಡೂ ಕಣ್ಣಿನ ಪೊರೆ ತೆಗೆಸುವವರೆಗೆ ಬಿಡಲಿಲ್ಲ. ಹೆತ್ತ ಮಗ ನಾಲ್ಕು ವರ್ಷ ಎದುರಿಗೆ ಕೂತು ಉಂಡರೂ ಅವನಿಗೆ ಕಾಣದ್ದು ನಿನಗೆ ಕಂಡಿತು. ಸಿನೆಮಾಕ್ಕೆಂದು ಕಣ್ಣು ಮಾಡಿಸಿಕೊಂಡ ಮುದುಕಿ ಇಡೀ ನಾಗಪುರದಲ್ಲಿ ನಾನೊಬ್ಬಳೇ ಇರಬೇಕು.

ಹಾಗಾಗಿ ಎಬಿಸಿಡಿ ಬಾರದ ಕಲ್ಲವ್ವ ಅಲ್ಲಿ ಎಲ್ಲರ ಸಮ ಕೂತು ಅಮೆರಿಕದ ಸಿನೆಮಾದ ಬಗ್ಗೆ ಬಾಯಿ ಮಾಡುತ್ತಾಳೆ ಎಂದರೆ ಅದು ನಿನ್ನ ಪುಣ್ಯ. ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಾವಿಬ್ಬರೂ ಇಟ್ಟ ಹೆಸರನ್ನೇ ಹೇಳುತ್ತೇನೆ, ಲಾಟೀನು ಸಿನೆಮಾ, ಕುಂಟ ಪೊಲೀಸನ ಸಿನೆಮಾ, ಎರಡು ಟೊಪ್ಪಿಗೆ ಸಿನೆಮಾ ಎಂದು. ಕಥೆ ಒಂದಿಷ್ಟು ಹೇಳಿದರೆ ಮಾಸ್ತರು ಅದರ ನಿಜವಾದ ಹೆಸರು ಬರೆದುಕೊಳ್ಳುತ್ತಾರೆ.

ನಿನ್ನೆಯ ಕೆಲಸ ದೊಡ್ಡದಿತ್ತು. ಅಮೆರಿಕದ ಅತಿ ಶ್ರೇಷ್ಠ ಹತ್ತು ಸಿನೆಮಾ ಆರಿಸಿ, ಬರುವ ವರ್ಷ ತಿಂಗಳಿಗೊಂದರಂತೆ ನೋಡಬೇಕೆಂದು ಠರಾವಾಗಿತ್ತು. ಹತ್ತು ಗಂಟೆಗೆ ಶುರುವಾದ ಜಗಳ ಊಟ ಮುಗಿದರೂ ಮುಗಿಯಲಿಲ್ಲ. ಬಣ್ಣ ಬಂದ ಮೇಲೆ ಸಿನೆಮಾ ಕೆಟ್ಟಿತು, ಹತ್ತೂ ಕಪ್ಪು-ಬಿಳುಪಿನವೇ ಇರಲಿ ಎಂದು ಮಾಸ್ತರ ವಾದ. ನೋಡಿದವರನ್ನು ಅಳಿಸದ ಸಿನೆಮಾ ಸಿನೆಮಾವೇ ಅಲ್ಲ ಎಂದು ಡಾಕ್ಟರ್ ಬಾಯಿಯದು. ಸ್ಪೇರ್ ಪಾರ್ಟ್ಸ್ ಅಂಗಡಿಯ ದತ್ತು ಇದ್ದಾನಲ್ಲ, ಇಲ್ಲೇ ಹುಟ್ಟಿದವನು, ಅವನದು ಒಂದೇ ಹಟ. “ಕುದರಿ ಇಲ್ಲಂದ್ರ ಅದು ಅಮೆರಿಕಾನ ಅಲ್ಲ. ಬರೋಬರ್ ಐತೋ ಇಲ್ಲೋ?” ಎಂದು ಎಲ್ಲರ ಮುಖ ನೋಡುತ್ತಿದ್ದ. ನಾನು, “ಕುದರಿ ನೋಡಾಕ ಅಮೆರಿಕಾ ಯಾಕ ಬೇಕೋ, ಟಾಂಗಾದ ಕುದರಿ ನೋಡಿಲ್ಲೇನು?” ಎಂದು ಅವನ ಬಾಯಿ ಮುಚ್ಚಿಸಿದೆ. ಅಂತೂ ಇಂತೂ ಚಹಾ ಹೊತ್ತಿಗೆ ಒಂಬತ್ತು ಗಟ್ಟಿಯಾದವು. ಉಳಿದದ್ದು ಒಂದೇ ಜಾಗ. ಒಂದು ಕಡೆ ದತ್ತುವಿನ ಕುದುರೆ, ಇನ್ನೊಂದು ಕಡೆ ನನ್ನ ಹಳದಿ ಕೊಡೆ.

ಹಳದಿ ಕೊಡೆಯ ಸಿನೆಮಾ ನೀನು ಮರೆತಿರಲಾರೆ. ಸಣ್ಣ ಊರು. ಗಂಡನದು ಮೊಳೆ-ಸುತ್ತಿಗೆಯ ಅಂಗಡಿ. ಕೆಟ್ಟವನಲ್ಲ, ಆದರೆ ಸಿಟ್ಟು ಬಂದರೆ ತಿಂಗಳುಗಟ್ಟಲೆ ಮಾತು ಬಿಡುವವನು. ಹೆಂಡತಿಗೆ ದೂರದ ಊರಲ್ಲಿ ಟೀಚರ್ ಕೆಲಸ ಸಿಗುತ್ತದೆ, ಅವನು ಬೇಡ ಎನ್ನುತ್ತಾನೆ. ಅತ್ತೆ ಒಬ್ಬಳಿದ್ದಾಳೆ, ಎಲ್ಲ ಕಂಡೂ ಸುಮ್ಮನಿರುವವಳು. ಒಂದು ಮಧ್ಯಾಹ್ನ ಸೊಸೆ ಮಳೆಯಿಲ್ಲದಿದ್ದರೂ ಹಳದಿ ಕೊಡೆ ಹಿಡಿದು ಬಸ್ಸಿಗೆ ಹೋಗಿ ನಿಲ್ಲುತ್ತಾಳೆ.

ನಾನು ಎದ್ದು ನಿಂತು ಭಾಷಣ ಮಾಡಿದೆ ಸಿಂಚನಾ. ಇದು ಯಾಕೆ ಶ್ರೇಷ್ಠ ಎಂದರೆ ಇದರ ಕೊನೆ, ಎಂದೆ. ಬಸ್ಸು ಬಿಡುತ್ತದೆ, ಆದರೆ ಮುಂದಿನ ಸ್ಟಾಪಿನಲ್ಲಿ ಆಕೆ ಇಳಿದು, ನಡೆದುಕೊಂಡು ಮನೆಗೆ ತಿರುಗಿ ಬರುತ್ತಾಳೆ. ಅತ್ತೆ ಯಾಕೆ ಹೋದೆ, ಯಾಕೆ ಬಂದೆ ಎಂದು ಕೇಳುವುದಿಲ್ಲ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತುತ್ತಾಳೆ, ಹಬೆ ಏಳುತ್ತದೆ, ಎರಡನೆಯ ತಾಟು ಇಡುತ್ತಾಳೆ. ಅದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ ಎಂದೇ ನಾನು ತಿಳಿದಿದ್ದೆ.

ಮಾಸ್ತರು ಕನ್ನಡಕ ತೆಗೆದು ಮೆಲ್ಲಗೆ, “ಕಲ್ಲವ್ವನವರೇ, ಆಕೆ ವಾಪಸ್ ಬರೋದೇ ಇಲ್ಲವಲ್ಲ” ಎಂದರು.

“ನೀವು ನಿದ್ದಿ ಹೊಡದಿರಬೇಕ್ರಿ ಮಾಸ್ತರ” ಎಂದುಬಿಟ್ಟೆ. ದತ್ತುವೂ ಬರುವುದಿಲ್ಲ ಎಂದ. ಅವನಿಗೆ ಕುದುರೆಯ ಆಸೆ, ಹೇಳುತ್ತಾನೆ ಬಿಡು ಎಂದುಕೊಂಡೆ. ಡಾಕ್ಟರ್ ಬಾಯಿಯೂ ತಲೆ ಅಲ್ಲಾಡಿಸಿದಾಗ ಮೈ ಉರಿಯಿತು. ಹಚ್ಚಿರಿ, ಎಲ್ಲರೂ ನೋಡೋಣ, ನಾನು ಸುಳ್ಳಾದರೆ ಇವತ್ತೇ ಮಂಡಳಿ ಬಿಡುತ್ತೇನೆ ಎಂದು ಪಂಥ ಕಟ್ಟಿದೆ. ಮಾಸ್ತರು ಕೊನೆಯ ಹತ್ತು ನಿಮಿಷ ಹಚ್ಚಿದರು.

ಬಸ್ಸು ಬಿಟ್ಟಿತು. ಮುಂದಿನ ಸ್ಟಾಪು ಬಂತು, ಬಸ್ಸು ನಿಲ್ಲಲಿಲ್ಲ. ಆಕೆ ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮುಂದೆ ನೋಡುತ್ತಾ ಕೂತಳು. ಹೆಸರುಗಳು ಬರತೊಡಗಿದವು. ಹೆಸರು ಮುಗಿದ ಮೇಲೆ ಮುಚ್ಚಳ ಬರಬಹುದು ಎಂದು ಪೂರ್ತಿ ಕತ್ತಲಾಗುವವರೆಗೆ ಕಾಯ್ದೆ. ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು, ಒಬ್ಬರೂ ನಗಲಿಲ್ಲ. ಡಾಕ್ಟರ್ ಬಾಯಿ ನನ್ನ ಕೈ ಹಿಡಿದು, ಈ ಕಥೆ ನಿಮಗೆ ಯಾರು ಹೇಳಿದರು ಎಂದು ಮರಾಠಿಯಲ್ಲಿ ಕೇಳಿದಳು.

“ನನ್ನ ಸೊಸಿ” ಎಂದೆ. ಬಾಯಿ ತಾನಾಗಿಯೇ ಹಾಗೆಂದಿತು.

ಆಗ ಆ ರವಿವಾರ ಪೂರ್ತಿ ನೆನಪಾಯಿತು. ಬಸ್ಸು ಬಿಡುತ್ತಿದ್ದಂತೆ ನೀನು ರಿಮೋಟ್ ಒತ್ತಿ ಟಿವಿ ಆರಿಸಿದ್ದೆ. “ಇನ್ಮೇಲೆ ಬರೀ ಹೆಸರು ಬರತ್ತೆ ಅತ್ತೆ” ಎಂದೆ. ನಾನು ನಿನ್ನ ಮುಂಗೈ ಹಿಡಿದು, “ಆಕಿ ತಿರುಗಿ ಬರ್ತಾಳಿಲ್ಲೋ? ಅಷ್ಟು ಹೇಳು” ಎಂದು ಕೇಳಿದೆ. ನೀನು ರಿಮೋಟ್ ಕೆಳಗಿಟ್ಟು, “ಬರ್ತಾಳೆ ಅತ್ತೆ” ಎಂದು ಆ ಮುಚ್ಚಳದ ಕಥೆ ಹೇಳಿದೆ. ಆಮೇಲೆ ಚಹಾ ಮಾಡುತ್ತೇನೆಂದು ಒಳಗೆ ಹೋದವಳು ಅರ್ಧ ಗಂಟೆ ಬರಲಿಲ್ಲ. ಗ್ಯಾಸ್ ಮುಗಿದಿರಬೇಕು ಎಂದುಕೊಂಡೆ ನಾನು, ಎಂಥ ಪೆದ್ದಿ! ಮೂರು ದಿನ ಬಿಟ್ಟು ಬುಧವಾರ ಮಧ್ಯಾಹ್ನ ನೀನು ಹೋದೆ. ಚಿಲಕದ ಸದ್ದಿಗೂ ಎಚ್ಚರ ಆಗಲಿಲ್ಲವೇ ಯವ್ವಾ ಎಂದು ಕಲ್ಲೇಶ ಎಷ್ಟು ಸಲ ಕೇಳಿದನೋ. ಇಲ್ಲ, ಅವತ್ತು ಗಾಢ ನಿದ್ದೆ ಎಂದೆ.

ಉಳಿದ ಸಿನೆಮಾಗಳ ಕೊನೆಯನ್ನೂ ಒಂದೊಂದಾಗಿ ಮಾಸ್ತರ ಹತ್ತಿರ ವಿಚಾರಿಸಿದೆ. ಲಾಟೀನಿನದು ಸರಿ, ಕುಂಟ ಪೊಲೀಸನದು ಸರಿ, ಎಲ್ಲಾ ಬರೋಬರ್. ನೀನು ಕೊನೆ ಬದಲಿಸಿದ್ದು ಇದೊಂದರದೇ.

ಒಂದು ಗಳಿಗೆ ಸಿಟ್ಟು ಬಂತು, ನನಗೆ ಮೋಸ ಮಾಡಿದಳಲ್ಲ ಎಂದು. ಆಮೇಲೆ ನಾಚಿಕೆ ಬಂತು. ಮೈಸೂರಿನ ಕೆಲಸದ ಆರ್ಡರ್ ನಿನಗೆ ಬಂದ ಮೇಲೆ ಕಲ್ಲೇಶ ನಾಲ್ಕು ತಿಂಗಳು ನಿನ್ನ ಜೊತೆ ಮಾತು ಬಿಟ್ಟ. ನಾನು ದಿನಾ ನಿನಗೆ “ಹೊಂದಿಕೊಂಡು ಹೋಗವ್ವಾ” ಎಂದೆ. ಅವನಿಗೆ ಒಂದು ದಿನವೂ “ಮಾತಾಡೋ” ಎನ್ನಲಿಲ್ಲ. ಆ ಸಿನೆಮಾದ ಅತ್ತೆ ನಾನೇ. ಅದು ಗೊತ್ತಿದ್ದೂ ನೀನು ನನಗೆ ಮುಚ್ಚಳ ಎತ್ತುವ ಅತ್ತೆಯ ಪಾತ್ರ ಕೊಟ್ಟೆ. ಮನೆ ಬಿಟ್ಟು ಹೋಗಬೇಕಾದವಳು ನೀನು, ಸಂಕಟ ನಿನ್ನದು, ಸಮಾಧಾನ ಹೇಳಿದ್ದು ಮಾತ್ರ ನನಗೆ. ಇಷ್ಟು ಉಪಕಾರ ನನಗೆ ಹೊಟ್ಟೆಯ ಮಕ್ಕಳೂ ಮಾಡಿಲ್ಲ. ನನ್ನ ತಪ್ಪಿಗೆ ಕ್ಷಮೆ ಇರಲಿ ತಾಯಿ.

ಇನ್ನು ಮತದ ವಿಷಯ. ಮಂಡಳಿ ಬಿಡುತ್ತೇನೆಂದು ಚೀಲ ಎತ್ತಿಕೊಂಡರೆ ದತ್ತು ಕೂರಿಸಿದ. ಕೂರಿಸಿ ಕೇಳಿದ, “ಕಲ್ಲವ್ವಕ್ಕಾ, ಆಕಿ ತಿರುಗಿ ಬರ್ತಾಳಂತ ಛಲೋ ಐತಿ ಅಂದಿ. ಈಗ ಬರಂಗಿಲ್ಲಲ್ಲ, ಇನ್ನ ಹೆಂಗ ಶ್ರೇಷ್ಠ?” ನ್ಯಾಯವಾದ ಪ್ರಶ್ನೆ. ನಾನು ಒಂದಿಷ್ಟು ವಿಚಾರ ಮಾಡಿ ಹೇಳಿದೆ, “ನೀವು ಎಂಟೂ ಮಂದಿ ಆಕಿ ಹೋಗೂದು ನೋಡೀರಿ. ಒಬ್ಬರಾದ್ರೂ ಆಕೀನ್ನ ಬೈದೀರೇನು? ನಾ ಇಲ್ಲೇ ಕುಂತು ಈಗ ನೋಡಿದೆ, ನನಗೂ ಬೈಬೇಕು ಅನಸಲಿಲ್ಲ. ಅತ್ತೆಂದಿರ ಬಾಯಾಗ ಬೈಗುಳ ಬರದಂಗ ಮಾಡಿದ ಸಿನೆಮಾ ಸಣ್ಣದಲ್ಲೋ ತಮ್ಮಾ.”

ಕೈ ಎತ್ತಿಸಿದರು. ಕುದುರೆಗೆ ನಾಲ್ಕು, ಕೊಡೆಗೆ ಐದು. ಆ ಐದನೆಯ ಕೈ ಯಾರದು ಗೊತ್ತೇನು? ದತ್ತುವಿನದು!

ರಾತ್ರಿ ಊಟಕ್ಕೆ ಕೂತಾಗ ಕಲ್ಲೇಶನಿಗೆ ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಉಂಡ. ಕೈ ತೊಳೆದು ಬಂದು, “ಅದನ್ನ ತೋರಿಸೋ ದಿನ ನನ್ನೂ ಕರ್ಕೊಂಡು ಹೋಗವ್ವಾ” ಎಂದ. ಇದನ್ನು ನಿನ್ನನ್ನು ಕರೆಯಲು ಬರೆಯುತ್ತಿಲ್ಲ, ಅವನ ಪರ ವಕೀಲಿಯೂ ಅಲ್ಲ. ನೀನು ಬಸ್ಸಿನಿಂದ ಇಳಿಯಬೇಡ. ಅಲ್ಲಿ ನಿನ್ನ ಕೆಲಸ ಚೆನ್ನಾಗಿದೆ ಎಂದು ನಿನ್ನ ದನಿಯಲ್ಲೇ ಗೊತ್ತಾಗುತ್ತದೆ. ನನಗೆ ಅಷ್ಟು ಸಾಕು. ಎಂದಾದರೂ ಈ ಕಡೆ ಬರುವುದಾದರೆ ಬಾ, ತಾಟು ಇಡುತ್ತೇನೆ, ಉಂಡು ಸಂಜೆಯ ಗಾಡಿಗೆ ಹೋಗು.

ನೀನು ಶ್ರಾವಣದಲ್ಲಿ ಕೇಳಿದ್ದಕ್ಕೆ ಉತ್ತರ ಈ ಪತ್ರದಲ್ಲಿ ಎಲ್ಲೂ ಬರೆದಿಲ್ಲ ಎಂದು ಹುಡುಕಬೇಡ. ಕೆಳಗೆ ಸಹಿಯ ಮೇಲೆ ಇದೆ.

ನಿನ್ನ ಅತ್ತೆ,
ಕಲ್ಲವ್ವ

ತಾ.ಕ.: ನಿನ್ನ ಸುಳ್ಳು ಹೊರಬಿತ್ತು, ನನ್ನದೂ ಒಂದಿದೆ. ಆ ಬುಧವಾರ ನಾನು ಮಲಗಿದ್ದೆನೇ ಹೊರತು ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆ ಕಸ ಗುಡಿಸುವಾಗ ಮಂಚದ ಕೆಳಗೆ ನಿನ್ನ ತುಂಬಿದ ಚೀಲ ಕಂಡಿತ್ತು. ಊಟವಾಗಿ ನೀನು ಪಾತ್ರೆ ತೊಳೆಯುತ್ತಿದ್ದಾಗ, ಆ ಚಿಲಕಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು, ಸದ್ದಾಗದಂತೆ ತೆಗೆದಿಟ್ಟು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ನಾನೇ. “ಬರ್ತಾಳೆ ಅತ್ತೆ” ಎಂದು ನೀನು ಹೇಳಿದ್ದೆಯಲ್ಲ, ಆ ಧೈರ್ಯದ ಮೇಲೆ ತೆಗೆದೆ. ನಿಜವಾದ ಕೊನೆ ಹೇಳಿದ್ದರೆ ನನ್ನ ಕೈ ಏಳುತ್ತಿತ್ತೋ ಇಲ್ಲವೋ, ದೇವರೇ ಬಲ್ಲ.